ಕೇಸರಿಬಾತು ಆರುವ ಮುನ್ನ

ರಾಷ್ಟ್ರೀಯ ಹಬ್ಬವೊಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಕ್ರಮದಲ್ಲೇ ನಡೆದುಹೋದದ್ದನ್ನು ನಾನು ನಮ್ಮ ಜಿಲ್ಲೆಯಲ್ಲಿ ಈವರೆಗೆ ಕಂಡಿಲ್ಲ. ಪ್ರತಿ ವರ್ಷವೂ ಏನಾದರೊಂದು ಆಗುತ್ತದೆ. ಆಗದಿದ್ದರೆ ಹಬ್ಬ ಮುಗಿಯಿತೆಂದು ಯಾರಿಗೂ ಅನ್ನಿಸುವುದಿಲ್ಲ.

ಇದನ್ನು ನಾನು ದೂರದಿಂದ ಗಮನಿಸಿದವಳಲ್ಲ. ಅಮ್ಮ ಸರ್ಕಾರಿ ಶಾಲೆಯ ಶಿಕ್ಷಕಿ. ಮಳವಳ್ಳಿ, ಮದ್ದೂರು, ಮಂಡ್ಯ ಎಂದು ವರ್ಗಾವಣೆ ಅವಳನ್ನು ಕರೆದೊಯ್ದಲ್ಲೆಲ್ಲ ಅವಳ ಹಿಂದೆ ನಾನೂ ಹೋಗಿದ್ದೇನೆ, ಮೊದಲು ವಿದ್ಯಾರ್ಥಿನಿಯಾಗಿ, ಆಮೇಲೆ ಸಮಾರಂಭದ ನಿರೂಪಕಿಯಾಗಿ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿರುವ ನನಗೆ ಈ ಗಣರಾಜ್ಯ ಇದುವರೆಗೆ ಕೊಟ್ಟಿರುವ ಏಕೈಕ ಹುದ್ದೆ ಆ ನಿರೂಪಣೆ. ಸಂಬಳವಿಲ್ಲ, ಮೈಕು ಇದೆ. ಮೈಕೂ ಆಗಾಗ ಇರುವುದಿಲ್ಲ.

ಅಮ್ಮನಿಗೆ ಒಂದು ಹಳೆಯ ಆಗಸ್ಟ್ ಹದಿನೈದರ ನೆನಪಿದೆ. ಅವಳು ಬಸರಾಳಿನ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗಿನದು. ಆಗ ವೇದಿಕೆ ಇರಲಿಲ್ಲ, ಶಾಮಿಯಾನ ಇರಲಿಲ್ಲ, ಅತಿಥಿಗಳೂ ಇರಲಿಲ್ಲ. ಮೇಷ್ಟ್ರೇ ಬಾವುಟ ಹಾರಿಸಿದರು, 'ಚೆನ್ನಾಗಿ ಓದಿ, ಸುಳ್ಳು ಹೇಳಬೇಡಿ' ಎಂದರು, ಅಷ್ಟಕ್ಕೆ ಭಾಷಣ ಮುಗಿಯಿತು. ಆಮೇಲೆ ಮೇಷ್ಟ್ರ ಹೆಂಡತಿ ಮನೆಯಿಂದ ತಪ್ಪಲೆ ತಂದು, ಒಂದೊಂದು ಬಾಳೆಲೆಯ ತುಂಡಿನ ಮೇಲೆ ಒಂದೊಂದು ಸೌಟು ಕೇಸರಿಬಾತು ಹಾಕಿದರು.

"ಅಂಗೈ ಸುಡ್ತಿತ್ತು ಕಣೇ. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹಾಕ್ಕೊಂಡು ಊದ್ಕೊಂಡು ತಿಂದ್ವಿ. ಸ್ವಾತಂತ್ರ್ಯ ಅಂದ್ರೆ ಬಿಸಿಯಾಗಿರ್ತದೆ ಅಂತ್ಲೇ ನಾನು ಸುಮಾರು ದಿನ ಅಂದ್ಕೊಂಡಿದ್ದೆ."

ತಾನು ಶಿಕ್ಷಕಿಯಾದ ಮೇಲೆ ಅವಳಿಗೆ ಇದ್ದ ಆಸೆ ಒಂದೇ: ತನ್ನ ಶಾಲೆಯ ಮಕ್ಕಳು ಒಂದೇ ಒಂದು ಸಲ ಹಬ್ಬದ ದಿನ ಕೇಸರಿಬಾತನ್ನು ಬಿಸಿಬಿಸಿಯಾಗಿ ತಿನ್ನಬೇಕು. ಇದು ಅತಿಯಾಸೆಯಲ್ಲ. ಆದರೆ ಬಾವುಟಕ್ಕೂ ಕೇಸರಿಬಾತಿಗೂ ನಡುವೆ ನಮ್ಮಲ್ಲಿ ಭಾಷಣಗಳಿವೆ. ಆರುತ್ತ ಹೋದಂತೆ ಕೇಸರಿಬಾತು ಮೊದಲು ಸೌಟಿನಿಂದ ಜಾರುತ್ತದೆ, ಆಮೇಲೆ ಬೀಳುತ್ತದೆ, ಆಮೇಲೆ ಅದನ್ನು ಕತ್ತರಿಸಬೇಕಾಗುತ್ತದೆ. ಯಾವ ಅತಿಥಿ ಎಷ್ಟು ಹೊತ್ತು ಮಾತನಾಡಿದರೆಂಬುದನ್ನು ನಮ್ಮ ಮನೆಯಲ್ಲಿ ಗಡಿಯಾರದಿಂದ ಅಳೆಯುವ ಪದ್ಧತಿಯಿಲ್ಲ.

ಮಳವಳ್ಳಿ: ಬಾವುಟದೊಳಗಿನ ಹೂವು

ಬಾವುಟದೊಳಗೆ ಹೂವಿನ ಎಸಳು ಇಟ್ಟು ಮಡಿಸಿ ಕಟ್ಟುವುದು, ಹಗ್ಗ ಜಗ್ಗಿದೊಡನೆ ಬಾವುಟ ಬಿಚ್ಚಿಕೊಂಡು ಅತಿಥಿಗಳ ಮೇಲೆ ಪುಷ್ಪವೃಷ್ಟಿಯಾಗುವುದು ಎಲ್ಲ ಶಾಲೆಗಳ ರೂಢಿ. ಆದರೆ ಆ ವರ್ಷ ವರಮಹಾಲಕ್ಷ್ಮಿ ಹಬ್ಬವೂ ಅದೇ ವಾರ ಬಂದಿತ್ತು. ಮಳವಳ್ಳಿ ಪೇಟೆಯಲ್ಲಿದ್ದ ಹೂವೆಲ್ಲ ಲಕ್ಷ್ಮಿಯ ಪಾಲಾಗಿತ್ತು. ಉಳಿದಿದ್ದ ಸೇವಂತಿಗೆಯ ಬೆಲೆ ಕೇಳಿ ನಮ್ಮ ಡ್ರಿಲ್ ಮೇಷ್ಟ್ರು ಬರಿಗೈಯಲ್ಲಿ ವಾಪಸು ಬಂದರು.

"ಏನ್ ಮಾಡನ ಮೇಷ್ಟ್ರೇ?" ಎಂದು ಅಮ್ಮ ಕೇಳಿದಳು. ಆಗ ಅವಳು ಸಹಶಿಕ್ಷಕಿ. ಸಿಹಿಯ ಹೊಣೆ ಮಾತ್ರ ಅವಳದು.

"ಕಡ್ಲೆಪುರಿ ಹಾಕ್ಬುಡನ ಮೇಡಂ. ಬೆಳ್ಳಗದೆ, ಹಗೂರಾಗದೆ. ಅಷ್ಟು ಮೇಲಿಂದ ಉದುರಿದ್ರೆ ಮಲ್ಲಿಗೆಯೋ ಪುರಿಯೋ ಯಾರಿಗ್ ಗೊತ್ತಾಯ್ತದೆ?"

ಮನುಷ್ಯರಿಗೆ ಗೊತ್ತಾಗಲಿಲ್ಲ, ಅಷ್ಟರಮಟ್ಟಿಗೆ ಅವರ ಲೆಕ್ಕಾಚಾರ ಸರಿಯಾಗಿತ್ತು. ಮುಖ್ಯ ಅತಿಥಿಗಳು ಹಗ್ಗ ಜಗ್ಗಿದರು, ಬಾವುಟ ಬಿಚ್ಚಿತು, ಬಿಳಿಯ ಮಳೆ ಸುರಿಯಿತು, ಚಪ್ಪಾಳೆಯಾಯಿತು. ರಾಷ್ಟ್ರಗೀತೆ ಆರಂಭವಾಯಿತು. ಆಗ ಪಕ್ಕದ ಮನೆಯ ಬೇಲಿ ನುಸುಳಿ ಕೋಳಿಗಳು ಬಂದವು.

ಮುಂದಿನದನ್ನು ಅರ್ಥಮಾಡಿಕೊಳ್ಳಲು ಒಂದು ನಿಯಮ ನೆನಪಿಡಬೇಕು: ರಾಷ್ಟ್ರಗೀತೆ ನಡೆಯುವಾಗ ಯಾರೂ ಅಲುಗಾಡುವಂತಿಲ್ಲ. ನಾವು ಅಲುಗಾಡಲಿಲ್ಲ. ಶಿಕ್ಷಕರು ಅಲುಗಾಡಲಿಲ್ಲ. ಕೋಳಿಗಳಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಅವು ಧ್ವಜಸ್ತಂಭದ ಕಟ್ಟೆಯ ಸುತ್ತ ಮೇದು, ಮುಖ್ಯ ಅತಿಥಿಗಳ ಕಾಲಿನ ಬಳಿ ಬಂದು, ಅವರ ಚಪ್ಪಲಿಯ ಪಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪುರಿಯನ್ನು ಒಂದೊಂದಾಗಿ ಕುಕ್ಕಲಾರಂಭಿಸಿದವು. ಅತಿಥಿಗಳು ಸೆಲ್ಯೂಟ್ ಹೊಡೆದ ಕೈಯನ್ನು ಇಳಿಸದೆ, ಕಣ್ಣನ್ನು ಬಾವುಟದಿಂದ ಕೀಳದೆ, ಹೆಬ್ಬೆರಳನ್ನು ಮಾತ್ರ ಒಳಗೆಳೆದುಕೊಳ್ಳುತ್ತ ನಿಂತಿದ್ದರು. ಅಂಥ ದೇಶಭಕ್ತಿಯನ್ನು ನಾನು ಮತ್ತೆ ಕಂಡಿಲ್ಲ.

ಅವರ ಕಾಲಿಗೆ ಅರಿಶಿನ ಹಚ್ಚಿ ಕೂರಿಸಿ ಸಮಾಧಾನ ಮಾಡುವಷ್ಟರಲ್ಲಿ ಕೇಸರಿಬಾತು ಕತ್ತರಿಸುವ ಹಂತ ತಲುಪಿತ್ತು. ಅಮ್ಮ ಜ್ಯಾಮಿತಿಯ ದೊಡ್ಡ ಅಳತೆಪಟ್ಟಿ ತರಿಸಿ ಅದನ್ನು ಚೌಕಚೌಕವಾಗಿ ಕೊಯ್ದು ಹಂಚಿದಳು. ಕೋಳಿಗಳ ಒಡತಿಯಾದ ಅಜ್ಜಿ ಬೇಲಿಯಾಚೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಮೇಷ್ಟ್ರು ರೇಗಿ, "ಏನಜ್ಜಿ ಇದು, ಕೋಳಿ ಕಟ್ಟಾಕ್ಕಳದಲ್ವಾ?" ಎಂದರು.

"ಸುಮ್ಕಿರಪ್ಪ, ಸ್ವಾತಂತ್ರ್ಯ ಬಂದು ಇಷ್ಟು ವರ್ಸಕ್ಕೆ ಇವತ್ತು ಅವ್ಕೂ ಒಸಿ ಸಿಕ್ತು."

ಮದ್ದೂರು: ಭಾರತಮಾತೆಯ ಮೆರವಣಿಗೆ

ಮದ್ದೂರಿಗೆ ಬರುವ ಹೊತ್ತಿಗೆ ಅಮ್ಮ ಮುಖ್ಯ ಶಿಕ್ಷಕಿಯಾಗಿದ್ದಳು. ಹಿಂದೆ ಪ್ರಭಾತಫೇರಿಯೆಂದರೆ ಮಕ್ಕಳು ಎರಡು ಸಾಲಿನಲ್ಲಿ ಜೈಕಾರ ಕೂಗುತ್ತ ನಾಲ್ಕು ಬೀದಿ ಸುತ್ತಿ ಬರುವುದು. ಆ ವೇಳೆಗೆ ಬರಿಯ ಜೈಕಾರ ಸಾಲದೆಂಬ ಅಭಿಪ್ರಾಯ ಎಲ್ಲ ಕಡೆ ಹಬ್ಬಿತ್ತು. ಆದ್ದರಿಂದ ಐದನೆಯ ತರಗತಿಯ ಒಬ್ಬ ಹುಡುಗಿಗೆ ಕಿರೀಟ ತೊಡಿಸಿ, ಕೈಗೆ ಬಾವುಟ ಕೊಟ್ಟು, ಸಿಂಗರಿಸಿದ ತಳ್ಳುಗಾಡಿಯ ಮೇಲೆ ಭಾರತಮಾತೆಯನ್ನಾಗಿ ಕೂರಿಸಲಾಯಿತು. ಮುಂದೆ ಬ್ಯಾಂಡು. ಬ್ಯಾಂಡಿನ ಯಜಮಾನರು ಊರಿನ ಹಿರಿಯ ಸಾಹೇಬರು. ಸುತ್ತಲಿನ ಯಾವ ಮದುವೆಯೂ ಯಾವ ದೇವರ ಉತ್ಸವವೂ ಅವರಿಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ.

ಬ್ಯಾಂಡಿನ ಸದ್ದು ಕೇಳಿ ಮೊದಲ ಮನೆಯ ಹೆಂಗಸರು ಬಾಗಿಲಿಗೆ ಬಂದರು. ಗಾಡಿಯ ಮೇಲೆ ಕಿರೀಟ ಧರಿಸಿದ ದೇವಿ ಕುಳಿತಿದ್ದಳು. ಅವರು ಒಳಗೆ ಹೋಗಿ ಆರತಿತಟ್ಟೆ ತಂದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಬೀದಿಯಲ್ಲಿ ವಾದ್ಯದೊಂದಿಗೆ ದೇವರು ಬಂದರೆ ಆರತಿ ಎತ್ತಬೇಕು, ಕಾಯಿ ಒಡೆಯಬೇಕು, ಹಣ್ಣು ಕೊಡಬೇಕು.

ಅಮ್ಮ ಓಡಿ ಮುಂದಕ್ಕೆ ಹೋದಳು. "ಸಾಬ್ರೇ, ನಿಲ್ಲಿಸ್ಬೇಡಿ, ನಡೀರಿ! ಅಲ್ಲಿ ಕೇಸರಿಬಾತು ಆರ್ತದೆ!"

ಸಾಹೇಬರು ಕಹಳೆಯನ್ನು ಬಾಯಿಂದ ತೆಗೆದು, ಬಹಳ ಗೌರವದಿಂದ ಹೇಳಿದರು: "ಆರತಿ ಬಂದ ಮ್ಯಾಕೆ ಬ್ಯಾಂಡು ಮುಂದಕ್ಕೆ ಓಗಂಗಿಲ್ಲ ಮೇಡಂ. ನಮ್ಮಪ್ಪನ ಕಾಲದಿಂದ ಅದೇ ಪದ್ಧತಿ. ನಾಳೆ ದಿನ ನಾನು ಈ ಬೀದಿಲಿ ಮುಖ ತೋರ್ಸದ್ ಬ್ಯಾಡ್ವಾ?"

ಎರಡನೆಯ ಮನೆಯವರು ಮೊದಲನೆಯ ಮನೆಯವರಿಗಿಂತ ಕಡಿಮೆ ಭಕ್ತರೆನ್ನಿಸಿಕೊಳ್ಳಲು ಸಿದ್ಧರಿರಲಿಲ್ಲ. ಮೂರನೆಯ ಮನೆಯವರು ಹುಡುಗಿಯ ಪಾದ ತೊಳೆದರು. ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು ಭಾರತಮಾತೆಯ ಬಾಯಿಗೆ ಬಾಳೆಹಣ್ಣು ತುರುಕಿ, "ತಿನ್ನವ್ವ, ತಿನ್ನು, ಪಾಪ ಎಷ್ಟೊತ್ತಿಂದ ಕೂತಿದ್ಯೋ" ಎನ್ನುತ್ತಿದ್ದರು. ದೇವರಿಗೆ ಕೊಟ್ಟದ್ದನ್ನು ದೇವರು ಬೇಡವೆನ್ನುವಂತಿಲ್ಲ. ಮಗು ತಿಂದಿತು.

ಮೆರವಣಿಗೆ ಶಾಲೆ ತಲುಪಿದಾಗ ಅತಿಥಿಗಳು ಆಕಳಿಸುತ್ತಿದ್ದರು. ಕೇಸರಿಬಾತಿನ ವಿಷಯ ಹೇಳಬೇಕಾಗಿಲ್ಲ. ಆದರೂ ಕಾರ್ಯಕ್ರಮದ ಪ್ರಕಾರ ಭಾರತಮಾತೆ ವೇದಿಕೆ ಹತ್ತಿ, ತೋಳು ಚಾಚಿ, 'ನನ್ನ ಮಕ್ಕಳೇ, ನೀವು ನನಗೇನು ಕೊಡುವಿರಿ?' ಎಂದು ಕೇಳಬೇಕಿತ್ತು. ವಾರವಿಡೀ ಅಮ್ಮ ಅಭ್ಯಾಸ ಮಾಡಿಸಿದ್ದ ಮಾತದು. ಹುಡುಗಿ ವೇದಿಕೆ ಹತ್ತಿದಳು, ತೋಳು ಚಾಚಿದಳು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಸೆರಗಿನೊಳಗಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆಯುತ್ತಿರುವುದು ಅವಳ ಕಣ್ಣಿಗೆ ಬಿತ್ತು.

"ನನ್ನ ಮಕ್ಕಳೇ," ಎಂದಳು ಭಾರತಮಾತೆ, ಅಳುತ್ತ. "ನೀವು ನನಗೇನೂ ಕೊಡಬೇಡಿ!"

ಮಂಡ್ಯ: ಹಗ್ಗ ಹಿಡಿದ ಭಂಗಿ

ಮಂಡ್ಯದ ಶಾಲೆಗೆ ಬರುವಷ್ಟರಲ್ಲಿ ಹಬ್ಬದ ಸ್ವರೂಪವೇ ಬದಲಾಗಿತ್ತು. ಮೊದಲು ಎದೆಗೆ ಗುಂಡುಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದ ಕಾಗದದ ಬಾವುಟ ಕೆನ್ನೆಯ ಮೇಲಿನ ಬಣ್ಣವಾಯಿತು. ಪೆಪ್ಪರಮೆಂಟು ಚಾಕೊಲೇಟಾಯಿತು. ಹಾರಿಸಿದ ಬಾವುಟಕ್ಕಿಂತ ಕಳಿಸಿದ ಫೋಟೋ ಮುಖ್ಯವಾಯಿತು. ಬದಲಾಗದೆ ಉಳಿದದ್ದು ಒಂದೇ: ದೇಶಕ್ಕೆ ಸಿಕ್ಕಿದ ಸ್ವಾತಂತ್ರ್ಯದ ಬಗ್ಗೆ ನೆರಳಿನಲ್ಲಿ ಕುಳಿತವರು ಮಾತನಾಡುವಾಗ, ಬಿಸಿಲಿನಲ್ಲಿ ನಿಂತ ಮಕ್ಕಳಿಗೆ ಕುಳಿತುಕೊಳ್ಳುವ ಸ್ವಾತಂತ್ರ್ಯವೂ ಇರುತ್ತಿರಲಿಲ್ಲ. ಇದನ್ನು ನಾನು ಒಮ್ಮೆ ಮೈಕಿನಲ್ಲಿಯೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಮಕ್ಕಳು ನಿಂತೇ ತಟ್ಟಿದರು.

ಆ ವರ್ಷ ಶಾಲೆಯವರು ಫೋಟೋಗ್ರಾಫರನ್ನು ಕರೆಸಿದರು. ಮದುವೆ ಫೋಟೋ ತೆಗೆಯುವುದರಲ್ಲಿ ಹೆಸರು ಮಾಡಿದ್ದ ಆತ ಬಂದೊಡನೆ ಧ್ವಜಸ್ತಂಭವನ್ನು ಮಂಟಪದಂತೆ ಸುತ್ತಿ ನೋಡಿ, ಅಧಿಕಾರ ವಹಿಸಿಕೊಂಡ.

"ಸಾರ್, ಹಗ್ಗ ಎಳೀಬೇಡಿ. ಎಳಿಯೋ ತರ ಇರಿ. ಆಂ, ಅಂಗೇ. ಒಸಿ ಈ ಕಡೆ ತಿರುಗಿ. ನಗಿ ಸಾರ್."

ಅತಿಥಿಗಳು ನಕ್ಕರು. ಬಾವುಟ ಏರಿತು. ಆತ ಕ್ಯಾಮೆರಾದ ತೆರೆ ನೋಡಿಕೊಂಡು ತಲೆಯಾಡಿಸಿದ. "ಸಾರ್ ಕಣ್ಣು ಮುಚ್ಚವ್ರೆ. ಇನ್ನೊಂದ್ ಸಲ ಇಳ್ಸಿ ಏರ್ಸನ."

ಅಮ್ಮ ಕನ್ನಡಕ ತೆಗೆದಳು. ಅವಳು ಕನ್ನಡಕ ತೆಗೆದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತೇವೆ. "ಲೇ, ಅದು ಬಾವುಟ ಕಣೋ, ಬಾವಿ ಕೊಡ ಅಲ್ಲ, ಇಳ್ಸಿ ಏರ್ಸಕ್ಕೆ. ಕಣ್ಣು ಮುಚ್ಚಿದ್ರೆ ಭಕ್ತಿ ಅಂತ ಬರ್ಕೋ."

ಆತ ಬಾವುಟವನ್ನು ಬಿಟ್ಟ; ಜನರನ್ನು ಬಿಡಲಿಲ್ಲ. ಗಣ್ಯರನ್ನು ವೇದಿಕೆಯ ಮೇಲೆ ಎತ್ತರಕ್ಕೆ ತಕ್ಕಂತೆ ಜೋಡಿಸಿದ, ಒಬ್ಬರ ಕೈಯನ್ನು ಇನ್ನೊಬ್ಬರ ಹೆಗಲ ಮೇಲೆ ಇಡಿಸಿದ, ಪರಸ್ಪರ ಮಾತು ಬಿಟ್ಟಿದ್ದ ಶಾಲಾಸಮಿತಿಯ ಇಬ್ಬರು ಸದಸ್ಯರನ್ನು ಮುಖಕ್ಕೆ ಮುಖ ಕೊಟ್ಟು ನಗಿಸಿದ. ಅಡುಗೆಯಮ್ಮ ದೂರದಿಂದ ಅಮ್ಮನಿಗೆ ಸೌಟು ಎತ್ತಿ ತೋರಿಸಿದರು. ಸೌಟು ಬೋರಲಾಗಿತ್ತು, ಕೇಸರಿಬಾತು ಬೀಳುತ್ತಿರಲಿಲ್ಲ. ಕಡೆಗೆ ಆತ ಕ್ಯಾಮೆರಾ ಸರಿಮಾಡಿಕೊಳ್ಳುತ್ತ, ತಲೆಯೆತ್ತದೆ, ಅಭ್ಯಾಸಬಲದಿಂದ ಕೂಗಿದ:

"ಆಯ್ತು, ಗಂಡಿನ ಕಡೆಯೋರು ಇಳೀರಿ. ಹೆಣ್ಣಿನ ಕಡೆಯೋರು ಬನ್ನಿ!"

ಗಣ್ಯರೆಲ್ಲ ಸಾಲಾಗಿ, ವಿಧೇಯರಾಗಿ ಇಳಿದುಹೋದರು. ಬೆಳಗಿನಿಂದ ಅವರನ್ನು ವೇದಿಕೆಯಿಂದ ಇಳಿಸಲು ನಾನು ಸಭ್ಯವಾದ ಎಲ್ಲ ವಾಕ್ಯಗಳನ್ನೂ ಬಳಸಿ ಸೋತಿದ್ದೆ.

ನಾಲೆ ದಂಡೆಯ ಶಾಲೆ: ಮುಖ್ಯ ಅತಿಥಿಗಳ ಟವೆಲು

ಅಮ್ಮನ ಕೊನೆಯ ಶಾಲೆ ಕೊತ್ತತ್ತಿಯಾಚೆ, ನಾಲೆ ದಂಡೆಯ ಒಂದು ಹಳ್ಳಿಯಲ್ಲಿದೆ. ಈ ವರ್ಷದ ಕೊನೆಗೆ ಅವಳು ನಿವೃತ್ತಳಾಗುತ್ತಾಳೆ. ಆದ್ದರಿಂದ ಕಳೆದ ಆಗಸ್ಟ್ ಹದಿನೈದು ಅವಳ ಪಾಲಿಗೆ ಉಳಿದಿದ್ದ ಕೊನೆಯ ಅವಕಾಶ. ಹಿಂದಿನ ಸಂಜೆಯೇ ಅವಳು ಶಾಲಾಸಮಿತಿಯ ಅಧ್ಯಕ್ಷರಾದ ಊರಿನ ಯಜಮಾನರಿಗೆ ತಿಳಿಸಿದಳು: "ಯಜಮಾನ್ರೇ, ನಂಗೆ ಶಾಲು ಬೇಡ, ಹಾರ ಬೇಡ, ಬೀಳ್ಕೊಡುಗೆ ಬೇಡ. ಮಕ್ಳು ಒಂದ್ಸಲ ಬಿಸಿ ಕೇಸರಿಬಾತು ತಿನ್ಲಿ. ಅಷ್ಟೇ."

"ಅದೇನ್ ಮಹಾ ಬುಡಿ ಮೇಡಮ್ಮೋರೆ," ಎಂದರು ಯಜಮಾನರು. ಆಮೇಲೆ ಊರಿನ ಮರ್ಯಾದೆಯ ಪ್ರಶ್ನೆಯೆಂದು ಯಾವುದೋ ನಿಗಮದ ಮಾಜಿ ನಿರ್ದೇಶಕರನ್ನು ಮುಖ್ಯ ಅತಿಥಿಯಾಗಿ ಕರೆದುಬಂದರು. ಆ ಮಹನೀಯರು ಮೈಕು ಹಿಡಿದರೆ, ಬಿಡುವಷ್ಟರಲ್ಲಿ ಮಕ್ಕಳು ಮುಂದಿನ ತರಗತಿಗೆ ತೇರ್ಗಡೆಯಾಗುತ್ತಾರೆಂಬ ಖ್ಯಾತಿಯಿತ್ತು.

ಬೆಳಗ್ಗೆ ಅತಿಥಿಗಳ ಕಡೆಯವನೊಬ್ಬ ಬೈಕಿನಲ್ಲಿ ಬಂದ. ವೇದಿಕೆ ಹತ್ತಿ, ನಡುವಿನ ದೊಡ್ಡ ಕುರ್ಚಿಯ ಮೇಲೆ ಜರಿಯಂಚಿನ ಬಿಳಿ ಟವೆಲೊಂದನ್ನು ಹಾಸಿ, "ಸಾಹೇಬ್ರು ಯಲಿಯೂರಲ್ಲಿ ಒಂದ್ ಬಾವುಟ ಆರ್ಸ್ಬುಟ್ಟು ಬತ್ತಾರೆ. ಸೀಟು ಇಡ್ದಿವ್ನಿ, ಯಾರೂ ಕೂರ್ಬ್ಯಾಡಿ," ಎಂದು ಹೇಳಿ ಹೊರಟುಹೋದ.

ನಮ್ಮ ಕಡೆ ಟವೆಲು ಹಾಕುವುದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲು ತೂರಿಸಿದ ಕ್ಷಣದಿಂದ ಆ ಸೀಟು ತೂರಿಸಿದವನದು. ಅವನಿನ್ನೂ ಹೋಟೆಲಿನಲ್ಲಿ ವಡೆ ತಿನ್ನುತ್ತಿರಬಹುದು, ಆದರೂ ಅವನದು. ಆ ಟವೆಲನ್ನು ಎತ್ತಿಟ್ಟು ಕುಳಿತವನ ಪರವಾಗಿ ಕಂಡಕ್ಟರು ಕೂಡ ಮಾತನಾಡುವುದಿಲ್ಲ.

ಬಾವುಟದ ಹೊತ್ತಾಯಿತು. ಅತಿಥಿಗಳು ಬರಲಿಲ್ಲ. ಫೋನು ಮಾಡಿದರೆ ಯಲಿಯೂರಿನಲ್ಲಿ ಇನ್ನೂ ಭಾಷಣ ನಡೆಯುತ್ತಿರುವುದು ಫೋನಿನಲ್ಲಿಯೇ ಕೇಳಿಸಿತು. ಅಡುಗೆಯಮ್ಮ ರವೆ ಹುರಿದಿಟ್ಟುಕೊಂಡು, "ಎಸರಿಗೆ ಆಕ್ಲಾ ಬ್ಯಾಡ್ವಾ ಮೇಡಂ?" ಎಂದು ಬಾಗಿಲಲ್ಲಿ ನಿಂತಿದ್ದರು. ಅಮ್ಮ ಮಕ್ಕಳನ್ನು ನೋಡಿದಳು, ಟವೆಲನ್ನು ನೋಡಿದಳು. ಅವಳ ಮುಖ ನೋಡಿ ಯಜಮಾನರಿಗೆ ತಾವು ಮಾಡಿದ್ದೇನೆಂದು ಹೊಳೆದಿರಬೇಕು. ಅವರು ಎದ್ದು ನಿಂತರು.

"ಸುರು ಮಾಡವ್ವ," ಎಂದರು ನನಗೆ.

"ಅತಿಥಿಗಳು ಬಂದಿಲ್ಲವಲ್ಲ?"

"ಯಾರೇಳಿದ್ದು? ಟವೆಲ್ ಬಂದದೆ. ಬಸ್ಸಲ್ಲಿ ಟವೆಲ್ ಬಂದ್ರೆ ಆಸಾಮಿ ಬಂದಂಗಲ್ವಾ? ಇಲ್ಲೂ ಅಂಗೇಯಾ. ಮೇಡಮ್ಮೋರೆ, ನೀವ್ ಬಾವುಟ ಆರ್ಸಿ. ಟವೆಲ್ಲು ನೋಡ್ತಾ ಇರ್ಲಿ."

ಪ್ರಾತಿನಿಧ್ಯದ ಸಿದ್ಧಾಂತವನ್ನು ನಾನು ಎಂ.ಎ.ಯಲ್ಲಿ ಒಂದು ಪೂರ್ತಿ ಪತ್ರಿಕೆಯಾಗಿ ಓದಿದ್ದೇನೆ. ಯಜಮಾನರ ವಾದದಲ್ಲಿ ನನಗೆ ದೋಷ ಕಾಣಿಸಲಿಲ್ಲ.

ಅಮ್ಮ ಹಗ್ಗ ಜಗ್ಗಿದಳು. ಬಾವುಟ ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಹೂವೇ ಉದುರಿತು. "ರವೆ ಆಕಿ!" ಎಂದು ಅವಳು ಅಡುಗೆಮನೆಯ ಕಡೆ ಕೂಗಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ನಾನು ನೇರವಾಗಿ ವಂದನಾರ್ಪಣೆಗೆ ಹೋಗಬೇಕೆಂದಿದ್ದೆ. ಯಜಮಾನರು ಬಿಡಲಿಲ್ಲ. "ಕ್ರಮ ಬುಡಬ್ಯಾಡ ಕಣವ್ವ. ನಾಳೆ ಅವ್ರು ಮರ್ವಾದೆ ಮಾಡ್ಲಿಲ್ಲ ಅನ್ಬಾರ್ದು." ಕ್ರಮದ ಪ್ರಕಾರವೇ ಸ್ವಾಗತಿಸಿದೆ. ಯಜಮಾನರು ಟವೆಲಿಗೆ ಸೇವಂತಿಗೆ ಹಾರ ಹಾಕಿದರು, ಅದರ ಮೇಲೆ ಶಾಲು ಹೊದಿಸಿದರು, ಕುರ್ಚಿಯ ಬೆನ್ನಿನ ತುದಿಗೆ ಮೈಸೂರು ಪೇಟವನ್ನು ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಓರೆಯಾಗಿದೆಯೆನ್ನಿಸಿ, ಮತ್ತೆ ಬಂದು ಸರಿಪಡಿಸಿದರು. ಬಳಿಕ ನನ್ನತ್ತ ಸನ್ನೆ ಮಾಡಿದರು. ನಾನು ಕುರ್ಚಿಯ ಕಡೆ ತಿರುಗಿ, ಸ್ಪಷ್ಟವಾದ ದನಿಯಲ್ಲಿ, "ಇದೀಗ ಮುಖ್ಯ ಅತಿಥಿಗಳು ಎರಡು ಮಾತನಾಡಬೇಕೆಂದು ಕೋರುತ್ತೇನೆ," ಎಂದೆ.

ಸಭೆ ನಿಶ್ಶಬ್ದವಾಯಿತು. ನಾಲೆಯ ನೀರಿನ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮಿದರು. ಪೇಟ ಗಾಳಿಗೆ ಒಮ್ಮೆ ಅಲುಗಿತು. ಯಜಮಾನರು ಸಾಕಷ್ಟು ಸಮಯ ಕೊಟ್ಟು, ಎದ್ದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಕಾರ್ಯಕ್ರಮ ಮುಗಿಯಿತು.

ಅಡುಗೆಯಮ್ಮ ತಪ್ಪಲೆಯನ್ನು ಒಲೆಯಿಂದ ನೇರವಾಗಿ ಅಂಗಳಕ್ಕೆ ತಂದರು. ಬಾಳೆಲೆಯ ತುಂಡುಗಳ ಮೇಲೆ ಕೇಸರಿಬಾತು ಸೌಟಿನಿಂದ ಜಾರಿತು, ಬೀಳಲಿಲ್ಲ, ಜಾರಿತು. ಮಕ್ಕಳು ಕಿರುಚಿದರು. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹಾಕಿಕೊಳ್ಳುತ್ತ, ಊದುತ್ತ, ಕುಣಿಯುತ್ತ ತಿಂದರು. ಅಮ್ಮ ಕನ್ನಡಕ ತೆಗೆದಳು. ಯಾರಿಗೂ ಬೈಯಲಿಲ್ಲ, ಸೆರಗಿನಿಂದ ಗಾಜು ಒರೆಸಿಕೊಂಡಳು.

ಅಷ್ಟರಲ್ಲಿ ಕಾರು ಬಂದು ನಿಂತಿತು. ಮುಖ್ಯ ಅತಿಥಿಗಳು ಇಳಿದು, ವೇದಿಕೆಯ ಮೇಲೆ ಹಾರ, ಶಾಲು, ಪೇಟ ಧರಿಸಿ ವಿರಾಜಮಾನವಾಗಿದ್ದ ತಮ್ಮ ಟವೆಲನ್ನು ನೋಡಿ ಸ್ತಬ್ಧರಾದರು.

"ಏನೂ ಕಮ್ಮಿ ಮಾಡಿಲ್ಲ ಸಾರ್," ಎಂದರು ಯಜಮಾನರು. "ಎಲ್ಲಾ ಮರ್ವಾದೆನೂ ನಿಮ್ಗೇ ಆಗದೆ."

ಅತಿಥಿಗಳು ಚೇತರಿಸಿಕೊಂಡು ಮೈಕಿನ ಕಡೆ ಕೈ ಚಾಚಿದರು. ಅಮ್ಮ ಆ ಚಾಚಿದ ಕೈಯ ಮೇಲೆ ಬಾಳೆಲೆ ಇಟ್ಟು, ಅದರ ತುಂಬ ಕೇಸರಿಬಾತು ಬಡಿಸಿದಳು. "ಮೊದ್ಲು ಸಿಹಿ ತಗೊಳ್ಳಿ ಸಾರ್."

ಅವರು ಈ ಕೈಯಿಂದ ಆ ಕೈಗೆ ಹಾಕಿಕೊಂಡರು. ಆ ಕೈಯಿಂದ ಈ ಕೈಗೆ ಹಾಕಿಕೊಂಡರು. ಮೈಕು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಬೇಗ ಮುಗಿಸಿಬಿಡುವ ಯೋಚನೆಯಿಂದ ಅಷ್ಟನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡರು. ನಾನು ನಿರೂಪಕಿಯ ಕರ್ತವ್ಯವೆಂದು ಮೈಕನ್ನು ಅವರ ಬಾಯಿಯ ಬಳಿ ಹಿಡಿದೆ.

"ಹಾ... ಹಾ... ಬಿಸಿ!" ಎಂದರು ಮುಖ್ಯ ಅತಿಥಿಗಳು, ಊರಿಗೆಲ್ಲ ಕೇಳುವಂತೆ.

"ಸಂಕ್ಷಿಪ್ತವೂ ಸತ್ಯವೂ ಆದ ಭಾಷಣಕ್ಕೆ ಧನ್ಯವಾದಗಳು," ಎಂದೆ.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರೂ ನಕ್ಕರು. ಇನ್ನೊಂದು ಸೌಟು ಹಾಕಿಸಿಕೊಂಡರು, ಊದಿಕೊಂಡು ತಿಂದರು. ಹೊರಡುವಾಗ ಡ್ರೈವರು ಹಾರ, ಶಾಲು, ಪೇಟಗಳನ್ನು ಕಾರಿಗೆ ಒಯ್ದು, ಟವೆಲಿಗಾಗಿ ವಾಪಸು ಬಂದ. ಯಜಮಾನರು ಅಡ್ಡ ನಿಂತರು. ಟವೆಲನ್ನು ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ತಮ್ಮ ಹೆಗಲಿಗೆ ಹಾಕಿಕೊಂಡು, ಕಾರಿನ ಕಿಟಕಿಗೆ ಬಗ್ಗಿ ವಿನಯದಿಂದ ಹೇಳಿದರು:

"ಇದು ಇಲ್ಲೇ ಇರ್ಲಿ ಬುಡಿ ಸಾರ್. ಬರೋ ವರ್ಸಕ್ಕೂ ಇದ್ನೇ ಕರೀತೀವಿ."